ನಾಲ್ಕನೇ ಮನೆಯ ಜಿಗಿತ

ಮೈಕ್ ಪರೀಕ್ಷೆ ಮಾಡುವಾಗ ಅವರು ಎಲ್ಲರಂತೆ ಹಲೋ ಹಲೋ ಅನ್ನುತ್ತಿರಲಿಲ್ಲ. ಕಂಡಕ್ಟರರ ಹಾಗೆ ಊರುಗಳ ಹೆಸರು ಹೇಳುತ್ತಿದ್ದರು. "ಹೊಸನಗರ, ರಿಪ್ಪನ್‌ಪೇಟೆ, ಆನಂದಪುರ, ಸಾಗರ." ರಿಪ್ಪನ್‌ಪೇಟೆಯ 'ಪ' ಒಡೆದು ಕೇಳಿದರೆ ಮೈಕ್ ಬಾಯಿಗೆ ತೀರ ಹತ್ತಿರವಿದೆ, ಸಾಗರದ 'ಸ' ಸೀಟಿ ಹೊಡೆದರೆ ಚೂಪು ದನಿಯ ಟ್ರೆಬಲ್ ಜಾಸ್ತಿಯಾಗಿದೆ, ಆನಂದಪುರ ಗುಂಯ್‌ಗುಟ್ಟಿದರೆ ಸ್ಪೀಕರ್ ಬಾಕ್ಸು ಗೋಡೆಗೆ ತಾಗಿದೆ. ಒಮ್ಮೆ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಅಜ್ಜಿಯೊಬ್ಬರು ಚೀಲ ಎತ್ತಿಕೊಂಡು ಬಂದು, ಬಸ್ಸು ಎಲ್ಲಿ ನಿಂತಿದೆ ಎಂದು ಕೇಳಿದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಅವರು ಹೇಳಿದ್ದನ್ನು ಕೇಳಿದೆನೋ ಈಗ ಖಚಿತವಿಲ್ಲ. ಚೀಲ ಹಸಿರು ಬಣ್ಣದ್ದು ಎಂದು ನೆನಪಿದೆ. ಆದರೆ ಬಣ್ಣ ನೆನಪಿರುವುದು ಸಾಕ್ಷಿಯಲ್ಲ ಎಂದು ಇತಿಹಾಸದ ತರಗತಿಯಲ್ಲಿ ವರ್ಷವೂ ಹೇಳುವವನು ನಾನೇ.

ಅವರು ಕಳೆದ ತಿಂಗಳು ತೀರಿಕೊಂಡರು. ಹೊಸನಗರದ ಒಂದು ಓಣಿಯಲ್ಲಿ ಟಿ.ವಿ. ರಿಪೇರಿ ಅಂಗಡಿ, ಜೊತೆಗೆ ಬಾಡಿಗೆಗೆ ಸೌಂಡ್ ಸಿಸ್ಟಮ್, ಇಷ್ಟೇ ಅವರ ವ್ಯವಹಾರ. ಅವರ ಬಗ್ಗೆ ಬರೆಯಲು ನನಗಿಂತ ಹತ್ತಿರದವರು ಬೇಕಾದಷ್ಟು ಜನ ಇದ್ದಾರೆ. ನಾನು ಅವರ ಅಂಗಡಿಯಲ್ಲಿ ಕೂತದ್ದು ಒಂದೇ ವರ್ಷ. ಆಮೇಲಿನ ಹದಿನೈದು ವರ್ಷ ತೀರ್ಥಹಳ್ಳಿಯಷ್ಟು ಹತ್ತಿರದಲ್ಲಿದ್ದೂ ಅವರ ಕಣ್ಣು ತಪ್ಪಿಸಿ ಓಡಾಡಿದೆ. ಅವರ ಬದುಕಿನ ಒಂದೇ ಒಂದು ಒಳ್ಳೆಯ ಹಾಡನ್ನು ನಾನು ಕೆಡಿಸಿದ್ದೇನೆ ಎಂದು ನಂಬಿದ್ದೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಹೊಸನಗರದಲ್ಲಿ ಅಕ್ಕನ ಮನೆಯಲ್ಲಿದ್ದ ವರ್ಷ ಅದು. ರಿಪೇರಿಗೆ ಕೊಟ್ಟ ಅಕ್ಕನ ಟಿ.ವಿ. ತರಲು ಹೋದೆ. ಅವರು ಅದಕ್ಕೆ ಒಂದು ವಿಡಿಯೋ ಗೇಮ್ ಪೆಟ್ಟಿಗೆ ಸಿಕ್ಕಿಸಿ, ಚಿತ್ರ ಸರಿಯಾಗಿ ಬರುತ್ತಿದೆಯೇ ನೋಡುತ್ತಿದ್ದರು. ಆಡುವ ಹಿಡಿಯನ್ನು ನನ್ನ ಕೈಗೆ ಕೊಟ್ಟು, ತಾವು ಟಿ.ವಿ.ಯ ಹಿಂದೆ ಸ್ಕ್ರೂ ಬಿಗಿಯಲು ಹೋದರು. ಅರ್ಧ ಗಂಟೆಯ ಮೇಲೆ ಮುಂದೆ ಬಂದು ನೋಡಿದರೆ ನಾನು ನಾಲ್ಕನೇ ಮನೆಯಲ್ಲಿದ್ದೆ. ಆಟದ ಒಂದೊಂದು ಹಂತಕ್ಕೆ ನಾವು ಮನೆ ಎನ್ನುತ್ತಿದ್ದೆವು. ಹಾಸ್ಟೆಲಿನಲ್ಲಿ ಓದುವುದನ್ನು ಬಿಟ್ಟು ಕಲಿತ ವಿದ್ಯೆ ಅದು.

"ಎಂತ ಓದಿದೀರಿ?" ಎಂದು ಕೇಳಿದರು.

ಎಂ.ಎ. ಎಂದೆ.

"ಹಂಗಾದ್ರೆ ಮೇಷ್ಟ್ರೆ, ನಾಳೆ ಬೆಳಿಗ್ಗೆ ಬನ್ನಿ. ನಿಮಗೊಂದು ಕೆಲಸ ಇದೆ."

ಕೆಲಸವಿಲ್ಲದವನನ್ನು ಮೇಷ್ಟ್ರೆ ಎಂದು ಕರೆದದ್ದು ಗೇಲಿ ಎಂದೇ ಅಂದುಕೊಂಡೆ. ಆದರೂ ಮಾರನೆಯ ಬೆಳಿಗ್ಗೆ ಹೋದೆ.

ಅಂಗಡಿಯ ಹಿಂಗೋಡೆಗೆ ಒಂದು ಕಪಾಟು ಇತ್ತು. ರಿಪೇರಿಗೆ ಕೊಟ್ಟು ಹೋದವರು ವರ್ಷಗಟ್ಟಲೆ ಬಾರದಿದ್ದರೆ ಅವರ ಸಾಮಾನು ಅದರೊಳಗೆ ಹೋಗುತ್ತಿತ್ತು. ಅವರು ಯಾವುದನ್ನೂ ಮಾರುತ್ತಿರಲಿಲ್ಲ. ದಿನ ಬಿಟ್ಟು ದಿನ ಒಂದೊಂದನ್ನೇ ತೆಗೆದು, ಚಾಲೂ ಮಾಡಿ, ಧೂಳು ಒರೆಸಿ ಇಡುತ್ತಿದ್ದರು. ಕೆಲಸ ಕೊಡದಿದ್ದರೆ ಒಳಗೇ ಜಂಗು ಹಿಡಿಯುತ್ತದೆ ಎನ್ನುತ್ತಿದ್ದರು. ಆ ವಿಡಿಯೋ ಗೇಮ್ ಆ ಕಪಾಟಿನದೇ. ಅದರ ಪಕ್ಕದಲ್ಲಿ ಒಂದು ಕಾರ್ ಸ್ಟೀರಿಯೋ, ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸಿ.ಡಿ. ಕಾರಿನವರು ಎರಡನ್ನೂ ಕೇಳಿಕೊಂಡು ಬರಲಿಲ್ಲ. ಸಿ.ಡಿ.ಯಲ್ಲಿ ಇದ್ದದ್ದು ಟೆಕ್ನೋ. ಒಂದೇ ಸಮನೆ ಧಂ ಧಂ ಎಂಬ ಬಡಿತ, ಅದರ ಮೇಲೆ ಯಂತ್ರದ ದನಿಗಳು. ಮೊದಲ ಸಲ ಕೇಳಿದಾಗ ಸ್ಟೀರಿಯೋ ಕೆಟ್ಟಿದೆ ಎಂದೇ ತಿಳಿದು ಎರಡು ದಿನ ಅದನ್ನು ಬಿಚ್ಚಿ ಜೋಡಿಸಿದರಂತೆ. ಮೂರನೆಯ ದಿನ ಕೆಟ್ಟಿಲ್ಲ ಎಂದು ಗೊತ್ತಾಗಿ, ಒಂದು ವರ್ಷ ಅದನ್ನೇ ಕೇಳಿದರು.

ಆ ಎರಡನ್ನೂ ಕೂಡಿಸುವ ಯೋಚನೆ ಬಂದದ್ದು ವಾಲಿಬಾಲ್‌ನಿಂದ. ಹೊಸನಗರ, ಸಾಗರ, ತೀರ್ಥಹಳ್ಳಿ, ನಮ್ಮ ಈ ಮೂರೂ ತಾಲ್ಲೂಕುಗಳಲ್ಲಿ ಭಾನುವಾರವೆಂದರೆ ಎಲ್ಲಾದರೊಂದು ಕಡೆ ಟೂರ್ನಮೆಂಟು ಇದ್ದದ್ದೇ. ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಾಡು ಹಾಕಬೇಕು. ಒಬ್ಬ ಸಿನಿಮಾ ಹೀರೋನ ಹಾಡು ಹಾಕಿದರೆ ಇನ್ನೊಬ್ಬ ಹೀರೋನ ಕಡೆಯವರು ವೈರು ಕೀಳಲು ಬರುತ್ತಿದ್ದರು. ಭಕ್ತಿಗೀತೆ ಹಾಕಿದರೆ ಯಾವ ದೇವರದ್ದು ಎಂಬ ಪ್ರಶ್ನೆ. ಒಮ್ಮೆ ಜಗಳ ಬಿಡಿಸಲು ಹೋಗಿ ಅವರ ಆಂಪ್ಲಿಫೈಯರೇ ನೆಲಕ್ಕೆ ಬಿತ್ತು. ಅಂದಿನಿಂದ ಅವರು ಮಾತಿಲ್ಲದ, ಯಾರ ಪಾಲಿಗೂ ಸೇರದ ಹಾಡೊಂದನ್ನು ಹುಡುಕುತ್ತಿದ್ದರು. ಆಟದ ಪೆಟ್ಟಿಗೆಯ ರಾಗಕ್ಕೆ ಟೆಕ್ನೋದ ಬಡಿತ ಕೂಡಿಸಿದರೆ ಅದಕ್ಕೆ ಜಾತಿಯೂ ಇಲ್ಲ, ಹೀರೋನೂ ಇಲ್ಲ ಎಂಬುದು ಅವರ ತರ್ಕ.

ನನ್ನ ಕೆಲಸ ವಿಚಿತ್ರವಾಗಿತ್ತು. ಅವರಿಗೆ ಬೇಕಾದದ್ದು ನಾಲ್ಕನೇ ಮನೆಯ ರಾಗ. ತೆರೆಯ ಮೇಲೆ ಪಾಳುಬಿದ್ದ ಕೋಟೆ. ಅವರ ಪ್ರಕಾರ ಥೇಟ್ ನಮ್ಮ ತಾಲ್ಲೂಕಿನ ನಗರ ಎಂಬ ಊರಿನ ಕೋಟೆ. ರಾಗ ಮಾತ್ರ ಮನಸ್ಸು ಹಿಂಡುವಂಥದ್ದು, ಆಡುವವನನ್ನು ಹಿಂದಕ್ಕೆ ಕರೆಯುವ ಹಾಗೆ ಇತ್ತು. ಆ ಮನೆ ತಲುಪದೆ ರಾಗ ಬರುವುದಿಲ್ಲ, ಅದಕ್ಕೆ ಆಡಬಲ್ಲವನು ಬೇಕು. ತಲುಪಿದ ಮೇಲೆ ಆಡಲೇಬಾರದು. ಹಾರಿದರೆ, ಹೊಡೆದರೆ ಅದರ ಶಬ್ದ ರಾಗದೊಳಗೆ ಸೇರುತ್ತದೆ. ಒಡೆದ ಮೆಟ್ಟಿಲ ಪಕ್ಕದಲ್ಲಿ ಬಾವಲಿಗಳು ಹೆಚ್ಚಾಗಿ ಬಾರದ ಒಂದು ಮೂಲೆ ಇತ್ತು. ಅಲ್ಲಿಗೆ ಹೋಗಿ ಆಟದ ಮನುಷ್ಯನನ್ನು ನಿಲ್ಲಿಸಿ, ಎರಡು ನಿಮಿಷ ಯಾವ ಗುಂಡಿಯನ್ನೂ ಒತ್ತದೆ ನಾನೂ ಕಲ್ಲಾಗಿ ಕೂರಬೇಕು. ಅಷ್ಟರಲ್ಲಿ ಅವರು ಪೆಟ್ಟಿಗೆಯ ಶಬ್ದದ ವೈರನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಎರಡು ನಿಮಿಷ ದಾಟಿದರೆ ಆಟದ ಗಡಿಯಾರ ಅವಸರ ಮಾಡಿ ರಾಗವನ್ನೂ ಓಡಿಸುತ್ತಿತ್ತು.

"ನಿಂತ್ಕಳಿ ಮೇಷ್ಟ್ರೆ. ಅಲ್ಲಾಡ್ಬೇಡಿ. ಉಸಿರು ಬಿಡಬೋದು," ಎನ್ನುತ್ತಿದ್ದರು. ಪೇಟೆಯ ಕರೆಂಟು ಒಂದೇ ಮಟ್ಟದಲ್ಲಿರುತ್ತದೆ ಎಂದು ಬೆಳಿಗ್ಗೆ ಎಂಟಕ್ಕೇ ನಮ್ಮ ಕೆಲಸ. ಆ ವರ್ಷ ಮನೆಯವರು, ನೆಂಟರು, ಹಳೆಯ ಗೆಳೆಯರು ಎಲ್ಲರೂ ಮುಂದೆ ಏನು, ಮುಂದೆ ಏನು ಎಂದು ಕೇಳುತ್ತಿದ್ದರು. ನಿಲ್ಲು, ನಿಂತರೆ ಸಾಕು ಎಂದವರು ಅವರೊಬ್ಬರೇ.

ಅಲ್ಲಾಡಬಾರದು ಏಕೆ ಎಂಬುದನ್ನೂ ಅವರೇ ಕಲಿಸಿದರು. "ಈ ಪೆಟ್ಟಿಗೆಗೆ ಇರೂದು ನಾಲ್ಕೇ ಗಂಟಲು ಮಾರಾಯ್ರೆ. ಎರಡು ರಾಗಕ್ಕೆ, ಒಂದು ದಪ್ಪ ದನಿಗೆ, ಇನ್ನೊಂದು ಬರೀ ಬುಸ್ ಅನ್ನಕ್ಕೆ. ನೀವು ಹಾರಿದ್ರೆ ಆ ಶಬ್ದಕ್ಕೆ ಇನ್ನೊಂದು ಗಂಟಲು ಎಲ್ಲಿಂದ ತರ್ತದೆ? ರಾಗ ಹಾಡ್ತಿದ್ದೋನೇ ರಾಗ ನಿಲ್ಸಿ ಟುಂಯ್ ಅಂತಾನೆ. ಅಲ್ಲೊಂದು ಸ್ವರ ತೂತು ಬೀಳ್ತದೆ." ಹೇಳುತ್ತಾ ಟೆಸ್ಟರಿನ ತುದಿಯಿಂದ ಬೆಸುಗೆಯ ಡಬ್ಬಿ ತಟ್ಟಿ, ನಡುವೆ ಒಂದು ಪೆಟ್ಟು ತಪ್ಪಿಸಿ ತೋರಿಸಿದರು. ಈ ಮಾತನ್ನು ನಾನು ಮರೆಯಲಿಲ್ಲ. ಉಪಯೋಗಿಸಲೂ ಇಲ್ಲ.

ಆರು ಸಲ ರೆಕಾರ್ಡ್ ಮಾಡಿದೆವು. ಒಮ್ಮೆ ಬಾವಲಿ ಬಂತು, ಒಮ್ಮೆ ಕರೆಂಟು ಹೋಯಿತು, ಹೀಗೆ ಏನಾದರೊಂದು. ಆರನೆಯದು ಸರಿಯಾಯಿತು ಎಂದರು. ನನಗೆ ಮಾತ್ರ ಆರನೆಯ ಸಲ ಮುಗಿಯುವ ಹೊತ್ತಿಗೆ ಬಲಗೈ ಹೆಬ್ಬೆರಳು ಬೆವರಿ ಗುಂಡಿಯ ಮೇಲೆ ಜಾರಿದ ನೆನಪು. ತೆರೆಯ ಮೇಲೆ ಮನುಷ್ಯ ಒಂದು ಗೇಣು ಹಾರಿ ಇಳಿದದ್ದು, ನಾನು ಹಲ್ಲು ಕಚ್ಚಿದ್ದು, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಅವರು ವೈರು ಕಳಚಿ ಸುತ್ತಿಡುತ್ತಿದ್ದರು. ಹೆಬ್ಬೆರಳಿನ ಮಾತನ್ನು ನಾನು ಎತ್ತಲಿಲ್ಲ.

ಹದಿನೈದು ದಿನದ ಮೇಲೆ ಹಾಡು ಸಿದ್ಧವಾಯಿತು. ಅವರು ಹಾಡನ್ನು ಕಿವಿಯಿಂದ ಪರೀಕ್ಷಿಸುತ್ತಿರಲಿಲ್ಲ. ಬಾಕ್ಸಿನ ಪಕ್ಕದ ಮರದ ಹಲಗೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು, ಜ್ವರ ನೋಡುವವರ ಹಾಗೆ. ವರ್ಷಗಟ್ಟಲೆ ಬಾಕ್ಸಿನ ಮುಂದೆ ನಿಂತು ಬಲಗಿವಿ ಮಂದವಾಗಿತ್ತು. ಅಂಗೈ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು. ಧಂ ಧಂ ಬಡಿತದ ಮೇಲೆ ಕೋಟೆಯ ರಾಗ ಎದ್ದು ಬಂದಾಗ ನನಗೆ ಮೈ ಜುಮ್ಮೆಂದಿತು. ರಾಗ ಮೂರನೆಯ ಸುತ್ತಿನಲ್ಲಿ ಏರಿ, ಇನ್ನೇನು ಇಳಿಯಬೇಕು, ಅಲ್ಲಿ 'ಟುಂಯ್' ಎಂಬ ಒಂದು ಜಿಗಿತ. ನನ್ನ ಹೆಬ್ಬೆರಳು.

ನಾನು ಅವರ ಮುಖ ನೋಡಿದೆ. ಅವರು ಅಂಗೈ ತೆಗೆಯದೆ ನಗುತ್ತಿದ್ದರು. "ನೀವು ಬಂದ್ರಿ ನೋಡಿ," ಎಂದರು. ನನಗದು ಚುಚ್ಚಿತು.

ವಾಲಿಬಾಲ್ ಮೈದಾನಕ್ಕೆ ಆ ಹಾಡು ಹೇಳಿ ಮಾಡಿಸಿದ ಹಾಗಿತ್ತು. ಯಾರೂ ವೈರು ಕೀಳಲಿಲ್ಲ. ಆಟಕ್ಕೆ ಮೊದಲು ಮೈ ಕಾಯಿಸಿಕೊಳ್ಳುತ್ತಿದ್ದ ಹುಡುಗರು ಬಡಿತಕ್ಕೆ ಸರಿಯಾಗಿ ಕಾಲು ಎತ್ತುತ್ತಿದ್ದರು. ಎರಡನೆಯದೋ ಮೂರನೆಯದೋ ಟೂರ್ನಮೆಂಟಿನಲ್ಲಿ, 'ಟುಂಯ್' ಬಂದ ಗಳಿಗೆಗೆ ನೆಟ್ಟಿನ ಎರಡೂ ಕಡೆಯವರು ಕೈ ಮೇಲೆತ್ತಿ ಒಟ್ಟಿಗೇ ಜಿಗಿದರು. ಆಮೇಲೆ ಅದೊಂದು ಪದ್ಧತಿಯೇ ಆಯಿತು. ಹೊಸನಗರದಿಂದ ಸಾಗರಕ್ಕೆ, ತೀರ್ಥಹಳ್ಳಿಗೆ, ಆಗುಂಬೆಯವರೆಗೂ ಹೋಯಿತು. ಜನ ಖುಷಿಯಿಂದ ಜಿಗಿಯುವಾಗ ನಾನೊಬ್ಬ ನೆಲ ನೋಡುತ್ತಿದ್ದೆ. ಅವರೆಲ್ಲ ಜಿಗಿಯುತ್ತಿದ್ದದ್ದು ನನ್ನ ತಪ್ಪಿಗೆ.

ಆಗ ಸಾಗರದ ಒಂದು ಸಿ.ಡಿ. ಅಂಗಡಿಯವರು ಹೇಳಿ ಕಳಿಸಿದರು. ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ತಮ್ಮ ಅಂಗಡಿಯಲ್ಲಿ ಯಾವಾಗಲೂ ಬನಿಯನ್ನಿನಲ್ಲೇ ಇರುವವರು. ಸಿ.ಡಿ. ಅಂಗಡಿಯವರು ಹಾಡನ್ನು ಎರಡು ಸಲ ಕೇಳಿ ಮೆಚ್ಚಿದರು. ಚೆನ್ನಾಗಿ ಹೊದಿಕೆ ಮಾಡಿಸಿ, ಇವರ ಹೆಸರು ಹಾಕಿ ಸಿ.ಡಿ. ತರೋಣ, ನಡುವೆ ಬರುವ ಆ ಕಿರಿಕಿರಿ ಶಬ್ದ ಒಂದನ್ನು ತೆಗೆದು ಕೊಡಿ ಎಂದರು.

ಇವರು ಟೇಬಲ್ಲಿನ ಮೇಲಿದ್ದ ಸಿ.ಡಿ.ಯನ್ನು ಕವರಿಗೆ ಹಾಕಿಕೊಂಡರು.

"ಅದನ್ನ ತೆಗಿಯಕಾಗಲ್ಲ," ಎಂದರು. ಅಷ್ಟೇ.

ಅದಕ್ಕೆ ಎರಡು ವಾರ ಮೊದಲು ಸಿಡಿಲು ಹೊಡೆದು ಆಟದ ಪೆಟ್ಟಿಗೆ ಸುಟ್ಟು ಹೋಗಿತ್ತು. ಹಾಗಾಗಿ ಇನ್ನೊಮ್ಮೆ ರೆಕಾರ್ಡ್ ಮಾಡುವಂತಿಲ್ಲ. ನಾನೇ ಲೆಕ್ಕ ಹಾಕಿದೆ: ನನ್ನ ಹೆಬ್ಬೆರಳು, ಸುಟ್ಟ ಪೆಟ್ಟಿಗೆ, ಬಾರದ ಸಿ.ಡಿ. ವಾಪಸು ಬರುವಾಗ ಆನಂದಪುರದಲ್ಲಿ ಬಸ್ಸು ನಿಂತಿತು. ಅವರು ಇಳಿದು ಹೋಗಿ ಎರಡು ಪೊಟ್ಟಣ ಮಂಡಕ್ಕಿ ತಂದು ಒಂದನ್ನು ನನ್ನ ತೊಡೆಯ ಮೇಲಿಟ್ಟರು. ಅಣ್ಣ, ತಪ್ಪು ನನ್ನದು ಎಂಬ ಮಾತು ಹೊಸನಗರ ಬರುವವರೆಗೂ ನನ್ನ ಬಾಯಲ್ಲಿತ್ತು. ಮಂಡಕ್ಕಿಯ ಜೊತೆ ನುಂಗಿದೆ.

ಮುಂದಿನ ತಿಂಗಳು ನನಗೆ ತೀರ್ಥಹಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವರಿಗೆ ಹೇಳದೆ ಹೊರಟೆ. ಆಮೇಲೆ ನಮ್ಮ ಕಾಲೇಜಿನ ಮೈದಾನದಲ್ಲೇ ಆ ಹಾಡು ಎಷ್ಟೋ ಸಲ ಕೇಳಿತು. ನಾನು ಸ್ಟಾಫ್ ರೂಮಿನ ಕಿಟಕಿ ಹಾಕುತ್ತಿದ್ದೆ. ಒಮ್ಮೆ ತೀರ್ಥಹಳ್ಳಿ ಬಸ್ ನಿಲ್ದಾಣದಲ್ಲಿ ಎದುರಾದರು. ತಪ್ಪಿಸಿಕೊಳ್ಳುವಷ್ಟು ದೂರವಿರಲಿಲ್ಲ. "ಎಂತ ಮೇಷ್ಟ್ರೆ, ಈಗ ಎಷ್ಟನೇ ಮನೇಲಿದೀರಿ?" ಎಂದರು. ನಾನು ನಕ್ಕು, ಕ್ಲಾಸಿಗೆ ಹೊತ್ತಾಯಿತು ಎಂದೆ. ಅಂದು ಭಾನುವಾರ. ಅವರಿಗೂ ಅದು ಗೊತ್ತಿತ್ತು. ಬನ್ನಿ ಒಂದ್ಸಲ ಅಂಗಡಿ ಕಡೆ, ಕಪಾಟಲ್ಲಿ ಎಲ್ಲ ಹಾಗೇ ಇದೆ ಎಂದರು. ಹೋಗಲಿಲ್ಲ.

ಈಗ ಅಂಗಡಿ, ಸೌಂಡ್ ಸಿಸ್ಟಮ್ ಎರಡನ್ನೂ ಅವರ ಮಗಳು ನಡೆಸುತ್ತಾಳೆ. ನಾನು ಕಂಡಾಗ ಹೈಸ್ಕೂಲಿನ ಯೂನಿಫಾರ್ಮಿನಲ್ಲಿ ವೈರು ಸುತ್ತುತ್ತಿದ್ದಳು. ಅವಳು ಫೋನ್ ಮಾಡಿದಾಗಲೇ ಅವರು ತೀರಿಕೊಂಡು ಹತ್ತು ದಿನವಾಗಿತ್ತು ಎಂದು ನನಗೆ ತಿಳಿದದ್ದು. ಊರಿನ ಹುಡುಗರು ಅವರ ನೆನಪಿಗೆ ಒಂದು ಟೂರ್ನಮೆಂಟು ಇಟ್ಟಿದ್ದಾರೆ, ಆ ಹಾಡು ಹಾಕಬೇಕು. ಸಾಗರದ ಒಬ್ಬ ಡಿಜೆ ಹುಡುಗ ಅಪ್ಪನ ಕಂಪ್ಯೂಟರಿನಿಂದ ಹಾಡು ತೆಗೆದು ಚೊಕ್ಕ ಮಾಡಿದ್ದಾನೆ, ಆ ಜಿಗಿತ ಇಲ್ಲದೆ. ಯಾವುದನ್ನು ಹಾಕಲಿ ಎಂದು ಕೇಳಿದಳು.

ನನ್ನ ತಪ್ಪು ಅಳಿಸಿ ಹೋಗುವ ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಚೊಕ್ಕ ಮಾಡಿದ್ದನ್ನೇ ಹಾಕು ಎಂದು ಹೇಳಬೇಕೆಂದುಕೊಂಡೇ ಅವಳು ಕಳಿಸಿದ್ದನ್ನು ಕೇಳಿದೆ. ರಾಗ ಮೂರನೆಯ ಸುತ್ತಿನಲ್ಲಿ ಏರಿತು, ಇಳಿಯಿತು. ಜಿಗಿತ ಇರಲಿಲ್ಲ. ಚೆನ್ನಾಗಿಯೇ ಇತ್ತು. ಇನ್ನೊಮ್ಮೆ ಕೇಳಿದೆ. ಏನೋ ಸರಿಯಿಲ್ಲ ಎನ್ನಿಸಿತು. ನಾಲ್ಕನೆಯ ಸಲ ಕೇಳುವಾಗ ಹೊಳೆಯಿತು: ಅಲ್ಲಿ ತೂತು ಇರಬೇಕಿತ್ತು. ನಾನು ಹಾರಿದ್ದರೆ ರಾಗ ಹಾಡುತ್ತಿದ್ದವನು ಆ ಒಂದು ಸ್ವರ ಬಿಟ್ಟಿರಬೇಕು. ಆದರೆ ಸ್ವರ ಅಲ್ಲೇ ಇತ್ತು, ಇಡಿಯಾಗಿ.

ಅವಳಿಗೆ ಫೋನ್ ಮಾಡಿ, ಆ ಹುಡುಗ ಜಿಗಿತವನ್ನು ಹೇಗೆ ತೆಗೆದ ಎಂದು ಕೇಳಿದೆ.

"ಎಂತ ಮಾಡ್ಲಿಲ್ವಂತೆ ಮಾವ. ಅದು ರಾಗದ ಜೊತೆ ಸೇರಿರ್ಲಿಲ್ಲ, ಬೇರೆ ಟ್ರ್ಯಾಕಲ್ಲೇ ಇತ್ತಂತೆ. ಬಂದ್ ಮಾಡಿದ್ದಷ್ಟೇ ಅಂದ."

ಕಂಪ್ಯೂಟರಿನಲ್ಲಿ ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯೇ ನೋಡು ಎಂದೆ. ಸಂಜೆಯೊಳಗೆ ಹುಡುಕಿ ಕಳಿಸಿದಳು. ಇಂಗ್ಲಿಷ್ ಅಕ್ಷರಗಳಲ್ಲಿ, ಮೇಷ್ಟ್ರು ಒಂದು, ಮೇಷ್ಟ್ರು ಎರಡು, ಹೀಗೆ ಆರು. ಒಂದೊಂದನ್ನೇ ಕೇಳಿದೆ. ಆರನೆಯದು ಆರಂಭದಿಂದ ಕೊನೆಯವರೆಗೆ ಶುಭ್ರವಾಗಿತ್ತು. ಎರಡು ನಿಮಿಷ ನಾನು ಅಲ್ಲಾಡಿರಲಿಲ್ಲ. ಹೆಬ್ಬೆರಳು ಜಾರಿದ್ದು ಮೂರನೆಯದರಲ್ಲಿ. ಅಲ್ಲಿ ಅವರು ಹೇಳಿದಂತೆಯೇ 'ಟುಂಯ್', ಅದರ ಕೆಳಗೆ ಸ್ವರವಿಲ್ಲದ ತೂತು. ಏಳನೆಯದೊಂದು ಫೈಲಿತ್ತು, ಒಂದು ಸೆಕೆಂಡೂ ಇಲ್ಲ. ಬರೀ ಆ ಜಿಗಿತ. ಅದರ ಬುಡಕ್ಕೆ ದಪ್ಪ ದನಿಯ ಒಂದು ಚೂರು ಅಂಟಿಕೊಂಡಿತ್ತು; ಮೂರನೆಯದರಲ್ಲಿ ಆ ಜಾಗದಲ್ಲಿದ್ದ ದನಿಯೇ ಅದು. ಫೈಲಿನ ಹೆಸರು, ಮೇಷ್ಟ್ರು ಹಾರಿದ್ದು.

ಅಂದರೆ ಚೊಕ್ಕದ್ದು ಮೊದಲಿನಿಂದಲೂ ಅವರ ಹತ್ತಿರ ಇತ್ತು. ಸಾಗರದ ಆ ಅಂಗಡಿಯಲ್ಲಿ ಕೂತಾಗಲೂ ಇತ್ತು. ಕೆಟ್ಟುಹೋದ ರೆಕಾರ್ಡಿಂಗಿನಿಂದ ನನ್ನ ಜಿಗಿತವನ್ನು ಕತ್ತರಿಸಿ, ಒಳ್ಳೆಯದರಲ್ಲಿ ರಾಗ ಏರಿ ನಿಲ್ಲುವ ಜಾಗ ಹುಡುಕಿ ತಂದು ಕೂರಿಸಿದ್ದರು. ಸಿ.ಡಿ. ಬೇಡ ಎಂದದ್ದೂ ಅದಕ್ಕಾಗಿ. ಮೂರನೆಯ ಸಲದ ಹೆಬ್ಬೆರಳನ್ನು ಒಯ್ದು ಆರನೆಯದಕ್ಕೆ ಅಂಟಿಸಿದ್ದು ಮಾತ್ರ ನಾನು. ಅವರು ಶಬ್ದ ಕೂಡಿಸಿದರು, ನಾನು ತಪ್ಪು ಕೂಡಿಸಿಕೊಂಡೆ. ನಾಲ್ಕು ಗಂಟಲಿನ ಪಾಠ ಗೊತ್ತಿದ್ದೂ ಹದಿನೈದು ವರ್ಷ ಆ ಸ್ವರವನ್ನು ಕೇಳಿಸಿಕೊಳ್ಳಲಿಲ್ಲ. ಕಿಟಕಿ ಹಾಕಿಕೊಂಡಿದ್ದೆನಲ್ಲ.

ಅಪ್ಪ ಹಾಗೇಕೆ ಮಾಡಿದರು ಎಂದು ಅವಳನ್ನು ಕೇಳಿದೆ.

"ನಾನೂ ಕೇಳಿದ್ದೆ ಮಾವ. ಬರೀ ನಿಂತ್ಕಂಡಿದ್ರೆ ಅದು ಆಟ ಅಲ್ಲ, ಅಲ್ಲೊಬ್ಬ ಮನುಷ್ಯ ಆಡ್ತಿದ್ದ ಅಂತ ಗೊತ್ತಾಗ್ಬೇಕು ಅಂದ್ರು. ಮೇಷ್ಟ್ರು ಒಂದಿನ ಬಂದು ಇದು ನಂದಾ ಅಂತ ಕೇಳ್ತಾರೆ ನೋಡು ಅಂತಿದ್ರು."

ಅದಕ್ಕೆ ನಾನೇನು ಹೇಳಿದೆನೋ ನೆನಪಿಲ್ಲ. ಇದು ನಡೆದು ಇನ್ನೂ ಎರಡು ವಾರವಾಗಿಲ್ಲ.

ಟೂರ್ನಮೆಂಟಿನ ದಿನ ಬೆಳಿಗ್ಗೆಯೇ ಹೊಸನಗರಕ್ಕೆ ಹೋದೆ. ಮೊದಲು ಅಂಗಡಿಗೆ. ಕಪಾಟು ಹಾಗೇ ಇತ್ತು. ಸುಟ್ಟ ಆಟದ ಪೆಟ್ಟಿಗೆ ಧೂಳಿಲ್ಲದೆ ಕೂತಿತ್ತು. ಒಳಗೆಲ್ಲ ಕರಗಿ ಹೋದದ್ದನ್ನೂ ಅವರು ಒರೆಸುತ್ತಲೇ ಇದ್ದರೆಂದು ಕಾಣುತ್ತದೆ. ಅದರ ಹಿಡಿಯನ್ನು ಎತ್ತಿಕೊಂಡು ಬಲಗಡೆಯ ಗುಂಡಿ ಒತ್ತಿ ನೋಡಿದೆ. ಯಾವ ಶಬ್ದವೂ ಬರಲಿಲ್ಲ. ಮಗಳು ನೋಡಿ, ಬೇಕಾದ್ರೆ ತಗಂಡು ಹೋಗಿ ಮಾವ, ಕಪಾಟಿನದನ್ನು ಕೇಳಿಕೊಂಡು ಬಂದವರು ನೀವೇ ಮೊದಲು ಎಂದಳು. ಹಿಡಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಮೈದಾನದಲ್ಲಿ ಅವಳು ಮೈಕ್ ಹಿಡಿದು, "ಹೊಸನಗರ, ರಿಪ್ಪನ್‌ಪೇಟೆ, ಆನಂದಪುರ, ಸಾಗರ" ಎಂದಳು. 'ಸ' ಸ್ವಲ್ಪ ಸೀಟಿ ಹೊಡೆಯಿತು, ಸರಿ ಮಾಡಿದಳು. ಆಮೇಲೆ ಹಾಡು ಹಾಕಿದಳು, ಜಿಗಿತ ಇದ್ದದ್ದನ್ನು. ನಾನು ಬಾಕ್ಸಿನ ಪಕ್ಕಕ್ಕೆ ಹೋಗಿ ಅದರ ಮರದ ಹಲಗೆಗೆ ಎಡಗೈ ಒತ್ತಿ ನಿಂತೆ. ನೆಟ್ಟಿನ ಎರಡೂ ಕಡೆ ಆರಾರು ಜನ ಸಾಲಾಗಿ ಕಾಯುತ್ತಿದ್ದರು. ಆ ಹಾಡು ಹುಟ್ಟಿದಾಗ ಅವರಲ್ಲಿ ಅರ್ಧದಷ್ಟು ಜನ ಹುಟ್ಟಿದ್ದರೋ ಇಲ್ಲವೋ.

ರಾಗ ಮೂರನೆಯ ಸುತ್ತು ಏರಿತು. ಜೇಬಿನೊಳಗೆ ಬಲಗೈ ಹೆಬ್ಬೆರಳು ಗುಂಡಿಯನ್ನು ಹುಡುಕಿಕೊಂಡಿತ್ತು. ಒತ್ತಿದೆ. ಹನ್ನೆರಡು ಜನ ಒಟ್ಟಿಗೇ ಜಿಗಿದರು.

ಈ ಸಲ ಒತ್ತಿದ್ದು ನಾನೇ. ಅದರಲ್ಲಿ ನನಗೆ ಸಂಶಯವಿಲ್ಲ.